ಪಲೂಖ್ ಅಜ್ಜಿಯ ಗೋಡೆ

ಶಿಕಾಗೋ
ಅಕ್ಟೋಬರ್ ೭, ಮಂಗಳವಾರ

ಕ್ಯಾಸಿಮಿರ್,

ಮೊದಲು ‘ಪ್ರೀತಿಯ’ ಅಂತ ಬರೆದು ಆಮೇಲೆ ಗೀಟು ಎಳೆದಿದ್ದೇನೆ. ಹೊಸ ಹಾಳೆ ತಗೊಳ್ಳಬಹುದಿತ್ತು, ತಗೊಳ್ಳಲಿಲ್ಲ. ಗೀಟಿನಡಿ ಏನಿತ್ತು ಅಂತ ನಿನಗೂ ಕಾಣಲಿ ಬಿಡು. ಎಡಗೈ ಬರವಣಿಗೆ, ಅಂಗೈ ಉಜ್ಜಿ ಮಸಿಯೆಲ್ಲ ಹರಡಿದೆ. ಇಪ್ಪತ್ತೊಂಬತ್ತು ವರ್ಷ ಸಹಿಸಿಕೊಂಡವನು ಇನ್ನು ನಾಲ್ಕು ಹಾಳೆ ಸಹಿಸಿಕೊ.

ನಿನ್ನ ವಕೀಲರ ಲಕೋಟೆ ಶುಕ್ರವಾರ ಬಂತು. ಮದುವೆ ಮುಗಿಸುವ ಕಾಗದ ಒಂದು, ಮನೆ ಮಾರಲು ಒಪ್ಪಿಗೆಯ ಕಾಗದ ಒಂದು. ಸಹಿ ಮಾಡಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿ ಬಾಣದ ಗುರುತು ಹಾಕಿದ್ದಾರೆ, ನನಗೇನು ಓದೋಕೆ ಬರಲ್ಲ ಅಂದುಕೊಂಡಿದ್ದಾರೋ ಏನೋ. ತಿಂಗಳ ಕೊನೆಯೊಳಗೆ ಕಳಿಸಬೇಕಂತೆ. ಅದೂ ಸರಿ. ಆದರೆ ಅದೇ ಲಕೋಟೆಯೊಳಗೆ ನೀನು ಮೂರು ಪುಟ ನ್ಯೂಯಾರ್ಕಿನ ವರ್ಣನೆ ಬರೆದು ಇಟ್ಟಿದ್ದೀಯಲ್ಲ, ಅದಕ್ಕೇನು ಹೇಳಲಿ? ಮದುವೆ ಮುರಿಯುವ ಕಾಗದದ ಜೊತೆ ಊರಿನ ಗುಣಗಾನ ಕಳಿಸುವ ಗಂಡಸು ಈ ದೇಶದಲ್ಲಿ ನೀನೊಬ್ಬನೇ ಇರಬೇಕು. ಸಹಿ ಹಾಕುವ ಮುಂಚೆ ಆ ಮೂರು ಪುಟಕ್ಕೆ ಉತ್ತರ ಕೊಡದಿದ್ದರೆ ನನಗೆ ಊಟ ಸೇರಲ್ಲ.

ಅಲ್ಲಿ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಯಾವುದೂ ಒಂಟಿಯಲ್ಲ, ಶಿಕಾಗೋದಲ್ಲಿ ಒಂದೊಂದೂ ಮುನಿಸಿಕೊಂಡವರ ಹಾಗೆ ದೂರ ದೂರ ಕೂತಿವೆ ಅಂತ ಬರೆದಿದ್ದೀಯ. ಅಯ್ಯೋ ಮಹಾರಾಯ, ಅದು ಪ್ರೀತಿಯಲ್ಲ, ಇಕ್ಕಟ್ಟು! ಮನೆಗೂ ಮನೆಗೂ ನಡುವೆ ಬೆಕ್ಕು ನುಸುಳಲು ಜಾಗವಿಲ್ಲ. ಹಿಂದೆ ಓಣಿ ಇಲ್ಲ, ಅದಕ್ಕೇ ಕಸದ ಚೀಲಗಳನ್ನು ಮುಂಬಾಗಿಲಿಗೇ ತಂದು ಸುರಿಯುತ್ತಾರೆ. ರೇಷ್ಮೆ ಅಂಗಿ ತೊಟ್ಟ ಹೆಂಗಸರು ಕಸದ ಗುಡ್ಡೆಯ ಪಕ್ಕದಲ್ಲೇ ಟ್ಯಾಕ್ಸಿಗೆ ಕೈ ತೋರಿಸುತ್ತಾ ನಿಂತಿರುತ್ತಾರೆ. ಬೆಂಕಿ ಬಿದ್ದರೆ ಇಳಿಯುವ ಕಬ್ಬಿಣದ ಏಣಿ ಕೂಡ ಮನೆಯ ಮುಖದ ಮೇಲೇ. ಅಲ್ಲಿ ಎಲ್ಲವೂ ಎದುರಿಗೇ. ಜಗಳ, ಕಸ, ಒಣಹಾಕಿದ ಬಟ್ಟೆ, ಯಾವುದಕ್ಕೂ ಮುಚ್ಚುಮರೆ ಇಲ್ಲ.

ನಾವು ಹಾಗಲ್ಲ, ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಬೀದಿಗೆ ಕಾಣುವ ಗೋಡೆಗೆ ಮಾತ್ರ ನುಣುಪಾದ, ದುಬಾರಿ ಇಟ್ಟಿಗೆ. ಪಕ್ಕಕ್ಕೂ ಹಿಂದಕ್ಕೂ ಈ ನದಿಯ ಜೇಡಿಯಲ್ಲೇ ಸುಟ್ಟ ಸಾದಾ ಇಟ್ಟಿಗೆ, ಒಂದು ಗುಲಾಬಿ, ಒಂದು ಹಳದಿ, ಒಂದು ಸೊಟ್ಟ. ಕಸ, ಕರೆಂಟಿನ ತಂತಿ, ಮರದ ಮೆಟ್ಟಿಲು ಎಲ್ಲ ಹಿಂದಿನ ಓಣಿಗೆ. ಊರಿನ ಮುಖ ನೋಡಬೇಡ, ಬೆನ್ನು ನೋಡು ಅಂತ ನೀನೇ ನನಗೆ ಕಲಿಸಿದ್ದು. ಈಗ ನೋಡಿದರೆ ನೀನೇ ಮುಖ ನೋಡಿ ಮರುಳಾಗಿದ್ದೀಯ.

ಮರುಳಾಗಿ ಎಲ್ಲಿದ್ದೀಯ? ಅದೇ ನ್ಯೂಯಾರ್ಕಿನ ಗ್ರೀನ್‌ಪಾಯಿಂಟಿನಲ್ಲಿ, ಪ್ಲಾಸ್ಟಿಕ್ ಹಲಗೆ ಹೊದಿಸಿದ ಮರದ ಮನೆಯ ಮೂರನೇ ಮಹಡಿಯಲ್ಲಿ. ಗಾರೆಯವನ ಮಗ, ಗಾರೆಯವನ ಮೊಮ್ಮಗ, ಪ್ಲಾಸ್ಟಿಕ್ ಗೋಡೆಯೊಳಗೆ ಮಲಗುತ್ತಾನೆ. ನಿಮ್ಮಪ್ಪ ಇದ್ದಿದ್ದರೆ ಕರಣೆ ಎತ್ತಿ ತಲೆಗೆ ಕುಟ್ಟುತ್ತಿದ್ದರು.

ಇನ್ನು ನೀನು ಹೊಗಳಿದ ಆ ಕಂದುಕಲ್ಲಿನ ಮನೆಗಳು. ಒಳಗೆಲ್ಲ ಇಟ್ಟಿಗೆ, ಮೇಲೆ ನಾಲ್ಕು ಬೆರಳು ದಪ್ಪದ ಕಲ್ಲಿನ ಹೊದಿಕೆ. ಕಲ್ಲಿನ ಪದರ ಅಡ್ಡ ಕೂರಿಸಬೇಕಿತ್ತು, ಉದ್ದ ನಿಲ್ಲಿಸಿದ್ದಾರೆ, ಅದಕ್ಕೇ ಹಪ್ಪಳದ ಹಾಗೆ ಏಳುತ್ತಿದೆ. ಬೀದಿಬೀದಿಗೂ ಹಸಿರು ಹಲಗೆಯ ಚಪ್ಪರ, ಹೋಗುವವರ ತಲೆ ಮೇಲೆ ಕಲ್ಲು ಬೀಳದಿರಲಿ ಅಂತ. ಆರು ತಿಂಗಳಿಗೆ ಅಂತ ಹಾಕಿದ ಚಪ್ಪರ ಹನ್ನೆರಡು ವರ್ಷದಿಂದ ಇದೆ ಅಂತ ನೀನೇ ಬರೆದಿದ್ದೀಯ, ಅದೂ ಹೆಮ್ಮೆಯಿಂದ! ರಿಪೇರಿ ಮಾಡುವ ಬದಲು ಚಪ್ಪರ ಹಾಕಿಕೊಂಡು ಅದರಡಿ ಓಡಾಡುವ ಊರು ಅದು. ಮನೆ ಮೇಲಿನ ಮರದ ನೀರಿನ ತೊಟ್ಟಿಗಳು ಮಾತ್ರ ಚೆನ್ನಾಗಿವೆ. ಅವಕ್ಕೆ ನನ್ನ ತಕರಾರಿಲ್ಲ.

ನಮ್ಮ ಮದುವೆಗೆ ಇಪ್ಪತ್ತೈದು ತುಂಬಿದಾಗ ಲಾಸ್ ಏಂಜಲೀಸಿಗೆ ನಿನ್ನ ತಮ್ಮ ರೋಮನ್ ಮನೆಗೆ ಹೋಗಿದ್ದು ನೆನಪಿದೆಯಾ? ಕಂಬಗಳ ಮೇಲೆ ಮನೆ, ಕೆಳಗೆ ಕಾರು. ಗೋಡೆಗೆ ಬೆರಳಲ್ಲಿ ತಟ್ಟಿ ನೀನು, “ಡಾನುತಾ, ಇದು ಮನೆಯಲ್ಲ ಕಣೇ, ರಟ್ಟಿನ ಡಬ್ಬ. ಜೋರಾಗಿ ಸೀನಬೇಡ” ಅಂದೆ. ರೋಮನ್‌ಗೆ ಸಿಟ್ಟು ಬಂದು, “ಭೂಮಿ ನಡುಗಿದಾಗ ನಿಮ್ಮ ಇಟ್ಟಿಗೆ ತಲೆ ಮೇಲೆ ಬೀಳುತ್ತೆ, ನನ್ನ ಡಬ್ಬ ನಿಂತಿರುತ್ತೆ, ನೋಡ್ತಾ ಇರು” ಅಂದ. ಮಾರನೇ ದಿನ ರೊಟ್ಟಿ ತರಲು ಕಾರಿನಲ್ಲೇ ಹೋಗಿ ಕಾರಿನಲ್ಲೇ ಬಂದೆವು, ದಾರಿಯಲ್ಲಿ ನಡೆಯುವ ಒಬ್ಬ ಮನುಷ್ಯನೂ ಕಾಣಲಿಲ್ಲ. ಆ ಊರಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ, ಬರೀ ಕೈಕಾಲು ಚಾಚಿ ಮಲಗಿದೆ ಅಂತ ನಾವಿಬ್ಬರೂ ಎಷ್ಟು ನಕ್ಕೆವು. ಬೇರೆ ಊರನ್ನು ಬೈಯುವಾಗ ನಾವು ಯಾವತ್ತೂ ಒಂದೇ ಕಡೆ ಇದ್ದವರು. ಈಗ ಒಬ್ಬಳೇ ಬೈದರೆ ಸ್ವಾರಸ್ಯವೇ ಇಲ್ಲ.

ಮನೆಯ ವಿಷಯಕ್ಕೆ ಬರುತ್ತೇನೆ. ಕೊಳ್ಳುವವರು ಬಂದು ನೋಡಿದರು. ಗಂಡಹೆಂಡತಿ, ಇಬ್ಬರೂ ಒಳ್ಳೆಯವರೇ, ಬೂಟು ಬಿಚ್ಚಿ ಒಳಗೆ ಬಂದರು. ಮೇಲಿನ ಮನೆ ಕೆಳಗಿನ ಮನೆ ಎರಡನ್ನೂ ಒಡೆದು ಒಂದೇ ದೊಡ್ಡ ಮನೆ ಮಾಡುತ್ತಾರಂತೆ, ನಡುವಿನ ಮಹಡಿಗೆ ತೂತು ಕೊರೆದು ಗಾಜಿನ ಮೆಟ್ಟಿಲು ಇಡುತ್ತಾರಂತೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಲೂಪೆ ಹಿಂದಿನ ಜಗಲಿಯಲ್ಲಿ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು. ಅವರು ಹೋದ ಮೇಲೆ, “ಅಲ್ಲಾ ಸೆನ್ಯೋರಾ, ಇಬ್ಬರು ಜನಕ್ಕೆ ಇಷ್ಟು ದೊಡ್ಡ ಮನೆ ಯಾಕೆ? ಜಗಳ ಆಡಿದಾಗ ಒಬ್ಬರಿಗೊಬ್ಬರು ಸಿಗಬಾರದು ಅಂತಲಾ?” ಅಂದಳು. ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಹದಿನಾಲ್ಕು ವರ್ಷದಿಂದ ಇರುವ ಅವಳು ಇನ್ನು ಎಲ್ಲಿಗೆ ಹೋಗಬೇಕು? ನಿನ್ನ ಮೂರು ಪುಟದಲ್ಲಿ ಲೂಪೆಗೆ ಒಂದು ಸಾಲೂ ಇಲ್ಲ.

“ಅವರು ವಾಪಸು ಬರಲ್ವಾ?” ಅಂತಲೂ ಕೇಳಿದಳು. “ಅವನಿಗೆ ನ್ಯೂಯಾರ್ಕ್ ಹಿಡಿಸಿದೆ” ಅಂದೆ. “ನ್ಯೂಯಾರ್ಕು ಯಾರಿಗೆ ಹಿಡಿಸುತ್ತೆ ಸೆನ್ಯೋರಾ? ಬೇರೆ ಊರಲ್ಲಿ ಮುಖ ಎತ್ತಿ ನಡೆಯೋಕೆ ಆಗದವರಿಗೆ ಹಿಡಿಸುತ್ತೆ” ಅಂದುಬಿಟ್ಟಳು. ಅವಳಿಗೆ ನಮ್ಮ ಕಥೆ ಗೊತ್ತು. ಈ ಚರ್ಚಿನ ಸುತ್ತಮುತ್ತ ಯಾರಿಗೆ ತಾನೇ ಗೊತ್ತಿಲ್ಲ?

ಪಲೂಖ್ ಅಜ್ಜಿಯ ಗೋಡೆಯ ಬಗ್ಗೆ ನಾವಿಬ್ಬರೂ ಈವರೆಗೆ ಕಾಗದದಲ್ಲಿ ಒಂದಕ್ಷರ ಬರೆದಿಲ್ಲ. ಇವತ್ತು ಬರೆಯುತ್ತೇನೆ. ಐದು ವರ್ಷದ ಹಿಂದೆ ಅವಳ ಮನೆಯ ಪೂರ್ವದ ಗೋಡೆಯ ಇಟ್ಟಿಗೆ ಸಂದುಗಳನ್ನು ಕೆದಕಿ ಹೊಸ ಗಾರೆ ತುಂಬಿದೆವು. ಗಾರೆ ಕಲಸುವುದು ಯಾವಾಗಲೂ ನಿನ್ನ ಕೆಲಸ, ಸಂದು ತುಂಬುವುದು ಇಬ್ಬರದೂ, ಅದು ಊರಿಗೆಲ್ಲ ಗೊತ್ತಿದ್ದದ್ದೇ. ಎರಡು ಚಳಿಗಾಲ ಗೋಡೆ ಚೆನ್ನಾಗಿತ್ತು. ಮೂರನೆಯದರಲ್ಲಿ ಇಟ್ಟಿಗೆಗಳ ಮುಖ ಚಕ್ಕೆಚಕ್ಕೆಯಾಗಿ ಉದುರಲು ಶುರುವಾಯಿತು. ನಮ್ಮ ಸಾದಾ ಇಟ್ಟಿಗೆ ಮೆತ್ತಗೆ, ಅದಕ್ಕೆ ಸುಣ್ಣದ ಗಾರೆಯೇ ಬೇಕು. ಸಿಮೆಂಟಿನ ಗಾರೆ ಹಾಕಿದರೆ ಗೋಡೆಯ ನೀರು ಸಂದಿನಿಂದ ಹೊರಬರಲಾಗದೆ ಇಟ್ಟಿಗೆಯೊಳಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಇದು ಇಲ್ಲಿನ ಗಾರೆಯವನು ಮೊದಲನೇ ವಾರ ಕಲಿಯುವ ಪಾಠ. ಇಂಥ ತಪ್ಪು ಕ್ಯಾಸಿಮಿರ್ ಮಾಡಿದನಾ ಅಂತ ಜನ ಬಾಯಿ ಬಿಟ್ಟರು.

ಆಮೇಲೆ ಆ ಶುಕ್ರವಾರ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು, ಮಾಂಸ ಮುಟ್ಟದವರಿಗೆ ಚರ್ಚಿನ ಸಭಾಂಗಣದಲ್ಲಿ ಮೀನೂಟ. ಪಲೂಖ್ ಅಜ್ಜಿ ತನ್ನ ಗೋಡೆಯಿಂದ ಉದುರಿದ ಚಕ್ಕೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ನಮ್ಮ ತಟ್ಟೆಗಳ ನಡುವೆ ಬಿಚ್ಚಿಟ್ಟಳು. “ಇದು ಯಾರ ಕೆಲಸ? ನನ್ನ ಗಂಡ ಕಟ್ಟಿದ ಮನೆ ಕಣ್ರೋ ಇದು” ಅಂದಳು. ಎಲ್ಲರೂ ತಿರುಗಿದರು. ನಾನು ಹೇಳಿದ್ದು ನಿನಗೂ ನೆನಪಿದೆ, ಆದರೂ ಬರೆಯುತ್ತೇನೆ. “ನನ್ನನ್ನೇನು ಕೇಳ್ತೀರಿ ಅಜ್ಜಿ? ಕಣ್ಣು ಮುಚ್ಚಿಕೊಂಡು ಗಾರೆ ಕಲಸಿದ್ರೆ ಹೀಗೇ ಆಗೋದು. ಇವನನ್ನೇ ಕೇಳಿ” ಅಂದೆ.

ನೀನು ಬಾಯಿ ಒರೆಸಿಕೊಂಡೆ. ಟೋಪಿ ತಗೊಂಡೆ. ಹೊರಟೆ. ಅಷ್ಟೇ!

ಒಂದು ಮಾತಾದರೂ ಆಡಬಾರದಿತ್ತೇನೋ? ಬೈಯಬಹುದಿತ್ತು, ಮೇಜು ಗುದ್ದಬಹುದಿತ್ತು, ಬೀದಿಗೆ ಬಂದ ಮೇಲಾದರೂ ನನ್ನನ್ನು ನಿಲ್ಲಿಸಿ ಕೇಳಬಹುದಿತ್ತು. ಅದಾದ ಮೇಲೆ ಈ ಕಡೆಯ ಒಂದು ಮನೆಯವರೂ ನಿನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ನೀನು ಸೆಪ್ಟೆಂಬರಿನವರೆಗೂ ಹಿಂದಿನ ಜಗಲಿಯಲ್ಲಿ ಸುಮ್ಮನೆ ಕೂತಿದ್ದು ಒಂದು ದಿನ ಉಳಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ನಿನ್ನ ಮೌನ ನನಗೆ ಎಷ್ಟು ಸಿಟ್ಟು ತರಿಸಿದೆ ಅಂದರೆ, ಈ ಎರಡು ವರ್ಷ ನಾನು ಒಲೆ ಮುಂದೆ ನಿಂತು ನಿನ್ನ ಜೊತೆ ಜಗಳ ಆಡಿದ್ದೇನೆ, ನೀನು ಇಲ್ಲದೇನೇ. ನಿನ್ನ ಮಾತನ್ನೂ ನಾನೇ ಆಡಿದ್ದೇನೆ. ಬಹಳ ಸಲ ನೀನೇ ಗೆದ್ದಿದ್ದೀಯ.

ಇನ್ನೊಂದು ಹೇಳಬೇಕು. ನ್ಯೂಯಾರ್ಕಿನ ಕಸದ ಚೀಲ, ಪ್ಲಾಸ್ಟಿಕ್ ಹಲಗೆ, ಇದೆಲ್ಲ ಇವಳಿಗೆ ಹೇಗೆ ಗೊತ್ತು ಅಂತ ನೀನು ಯೋಚಿಸಿರಬಹುದು. ಮೇ ತಿಂಗಳಲ್ಲಿ ಬಂದಿದ್ದೆ. ನಿನ್ನ ಮನೆ ನೋಡಿದೆ, ಕೆಲಸದ ಜಾಗ ಎಲ್ಲಿ ಅಂತ ಕೆಳಗಿನ ಅಂಗಡಿಯವಳು ಹೇಳಿದಳು. ಎದುರುಗಡೆಯ ಹಸಿರು ಚಪ್ಪರದ ಕೆಳಗೆ ಒಂದು ಗಂಟೆ ನಿಂತಿದ್ದೆ. ನೀನು ಏಳನೇ ಮಹಡಿಯಲ್ಲಿ ತೂಗುಹಲಗೆಯ ಮೇಲಿದ್ದೆ, ಮುಖ ಕಾಣಲಿಲ್ಲ. ಕರಣೆಯಿಂದ ಗಾರೆ ಒದರುವಾಗ ಮಣಿಕಟ್ಟು ಎರಡು ಸಲ ಕುಲುಕುತ್ತೀಯಲ್ಲ, ಅದರಿಂದಲೇ ಗುರುತು ಸಿಕ್ಕಿತು. ಮಧ್ಯಾಹ್ನ ನೀನು ಕೆಳಗಿಳಿದು ಜೊತೆಗಾರರ ಹತ್ತಿರ ಕೂತು ರೊಟ್ಟಿಯ ಅಂಚು ಕಿತ್ತು ಬದಿಗಿಟ್ಟು ತಿಂದೆ. ಯಾರೋ ಏನೋ ಹೇಳಿದರು, ನೀನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ! ನನ್ನ ಕೈಯಲ್ಲಿ ನಿನಗೆ ಅಂತ ಮಾಡಿದ ಏಪ್ರಿಕಾಟ್ ಬಿಸ್ಕತ್ತಿನ ಡಬ್ಬ ಇತ್ತು. ನಾನು ಇಲ್ಲದ ಕಡೆ ಇವನು ಹೀಗೆ ನಗುತ್ತಾನಾ ಅಂತ ಉರಿದುಹೋಯಿತು. ರಸ್ತೆ ದಾಟಲಿಲ್ಲ. ಬಿಸ್ಕತ್ತನ್ನೆಲ್ಲ ರೈಲಿನಲ್ಲಿ ನಾನೇ ತಿಂದೆ, ಎದೆ ಉರಿ ಬಂತು.

ವಾಪಸು ಬರುವಾಗ ಫಿಲಡೆಲ್ಫಿಯಾದಲ್ಲಿ ಒಂದು ದಿನ ಇಳಿದಿದ್ದೆ, ಹಲೀನಾ ಚಿಕ್ಕಮ್ಮನ ಮನೆಗೆ. ಅಲ್ಲಿ ಸಾಲುಮನೆಗಳು ಗೊತ್ತಲ್ಲ, ಎರಡು ಮನೆಗಳ ನಡುವೆ ಒಂದೇ ಗೋಡೆ. ಚಿಕ್ಕಮ್ಮನ ಪಕ್ಕದ ಮನೆ ಕೆಡವಿದ್ದಾರೆ. ಅವಳ ಗೋಡೆಯ ಹೊರಮೈ ಮೇಲೆ ಆ ಮನೆಯ ಮೆಟ್ಟಿಲಿನ ಗುರುತು ಹಾಗೇ ಉಳಿದಿದೆ, ಮಲಗುವ ಕೋಣೆಯ ನೀಲಿ ಹೂವಿನ ಕಾಗದವೂ ಇದೆ, ಮಳೆಗೆ ನೆನೆಯುತ್ತಾ. “ಬಣ್ಣ ಬಳಿಸಿಬಿಡು ಚಿಕ್ಕಮ್ಮ” ಅಂದೆ. “ಬಳಿಸಿದರೆ ಏನು ಬಂತು ಮಗಳೇ? ಅಲ್ಲಿ ಆಧಾರ ಇತ್ತು, ಈಗಿಲ್ಲ. ಚಳಿ ಒಳಗೆ ಬರುತ್ತೆ” ಅಂದಳು. ಅಲ್ಲಿ ನಿಂತು ನಾನು ಅತ್ತುಬಿಟ್ಟೆ ಕ್ಯಾಸಿಮಿರ್. ಕಣ್ಣಿಗೆ ಧೂಳು ಬಿತ್ತು ಅಂತ ಚಿಕ್ಕಮ್ಮನಿಗೆ ಹೇಳಿದೆ.

ನ್ಯೂಯಾರ್ಕು ದೊಡ್ಡ ಊರೇ, ಇಲ್ಲ ಅನ್ನಲ್ಲ. ಅಲ್ಲಿ ಯಾರೂ ಯಾರ ಗೋಡೆಯ ಬಗ್ಗೆಯೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ, ಕರವಸ್ತ್ರದಲ್ಲಿ ಕಟ್ಟಿ ತಂದು ಊಟದ ಮೇಜಿನ ಮೇಲೆ ಇಡುತ್ತಾರೆ. ಆದರೆ ಇಲ್ಲಿ ಬೀದಿ ಎಷ್ಟೇ ಉದ್ದ ಇದ್ದರೂ ಪೂರ್ವಕ್ಕೆ ತಿರುಗಿದರೆ ಕೊನೆಗೆ ಸರೋವರ ಸಿಗುತ್ತದೆ, ಎಲ್ಲಿದ್ದೀನಿ ಅಂತ ತಿಳಿಯುತ್ತದೆ. ಎರಡು ವರ್ಷದಿಂದ ನನಗೆ ಅದೂ ತಿಳಿಯುತ್ತಿಲ್ಲ.

ಕಾಗದಗಳನ್ನು ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. ಸಹಿ ಹಾಕಿಲ್ಲ. ಹಳದಿ ಚೀಟಿ ಮಾತ್ರ ಕಿತ್ತಿದ್ದೇನೆ. ಯಾಕೆ ಅಂತ ಕೆಳಗೆ ಓದು, ಓದಿದ ಮೇಲೆ ನಿನಗೆ ತೋಚಿದ ಹಾಗೆ ಮಾಡು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಡಾನುತಾ

ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಪಲೂಖ್ ಅಜ್ಜಿಯ ಗೋಡೆಗೆ ಗಾರೆ ಕಲಸಿದ್ದು ನಾನು.

ನೀನು ಮುದುಕ ಬೋಲೆಕ್‌ನ ಅಂತ್ಯಕ್ರಿಯೆಗೆ ಹೋಗಿದ್ದೆಯಲ್ಲ, ಆ ದಿನ. ಅರ್ಧ ಗೋಡೆ ಬಾಕಿ ಇತ್ತು, ಸುಣ್ಣ ಮುಗಿದಿತ್ತು, ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಹೊಗೆಗೂಡಿನ ಕೆಲಸಕ್ಕೆ ತಂದಿದ್ದ ಸಿಮೆಂಟಿನ ಚೀಲ ವ್ಯಾನಿನಲ್ಲಿತ್ತು. ಅಜ್ಜಿ ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಿದ್ದಳು, ಒಬ್ಬಳೇ ಆದರೂ ಮುಗಿಸಬಲ್ಲೆ ಅಂತ ತೋರಿಸುವ ಹಟ ಬಂತು. ಒಂದು ಮಧ್ಯಾಹ್ನದ ಗಾರೆಯಿಂದ ಏನಾಗುತ್ತೆ ಅಂದುಕೊಂಡೆ. ಖಾಲಿ ಚೀಲವನ್ನು ಮೂರು ಮನೆ ಆಚೆಯವರ ಕಸದ ಡಬ್ಬಿಗೆ ಹಾಕಿದೆ. ಮುಂದೆಲ್ಲ ನುಣುಪು ಇಟ್ಟಿಗೆ, ಹಿಂದೆ ಓಣಿ. ನಾನು ಈ ಊರಿನವಳೇ ತಾನೇ.

ಮೀನೂಟದ ಮಾರನೇ ದಿನ ನೀನು ಅವಳ ಗೋಡೆಯ ಹತ್ತಿರ ಹೋಗಿದ್ದನ್ನು ಓಣಿಯಿಂದ ನೋಡಿದೆ. ನೀನು ಮನೆಯ ಬೀಗದ ಕೈಯಲ್ಲಿ ಸಂದು ಕೆರೆದೆ. ಬೂದು ಪುಡಿ ಬಂತು, ಸುಣ್ಣವಾಗಿದ್ದರೆ ಬೆಳ್ಳಗೆ ಬರಬೇಕಿತ್ತು. ಆಮೇಲೆ ಸಂದಿನ ಮೇಲೆ ಬೆರಳು ಓಡಿಸಿದೆ. ಅಷ್ಟೂ ಗೆರೆ ಬಲದಿಂದ ಎಡಕ್ಕೆ ಎಳೆದದ್ದು. ಈ ಕಡೆ ಎಡಗೈಯಲ್ಲಿ ಗಾರೆ ಎಳೆಯುವವರು ನನ್ನ ಬಿಟ್ಟು ಯಾರಿದ್ದಾರೆ? ನೀನು ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಮನೆಗೆ ಬಂದೆ. ಸಾರು ಕುಡಿದೆ. ಉಪ್ಪು ಸರಿಯಿದೆ ಅಂದೆ.

ನಿನಗೆ ಗೊತ್ತಿತ್ತು. ನಿನಗೆ ಗೊತ್ತು ಅಂತ ನನಗೂ ಗೊತ್ತಿತ್ತು. ನಾನು ಹೇಳಲಿ ಅಂತ ಸೆಪ್ಟೆಂಬರಿನವರೆಗೆ ಕಾದೆ ನೀನು, ನಾನು ಹೇಳಲಿಲ್ಲ. ಇಷ್ಟು ದಿನ ನಿನ್ನ ಮೌನವನ್ನು ಬೈದದ್ದೆಲ್ಲ ನನ್ನ ಮೌನವನ್ನೇ. ತಪ್ಪಾಯಿತು ಕ್ಯಾಸಿಮಿರ್.

ಇವತ್ತು ಬೆಳಿಗ್ಗೆ ಪಲೂಖ್ ಅಜ್ಜಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಮುಂದಿನ ಮೀನೂಟದಲ್ಲಿ ಅದೇ ಮೇಜಿನ ಹತ್ತಿರ ನಿಂತು ಹೇಳುತ್ತೇನೆ ಅಂತಲೂ ಮಾತು ಕೊಟ್ಟೆ. ಆ ಸಿಮೆಂಟನ್ನೆಲ್ಲ ಕೆದಕಿ ತೆಗೆದು ಗೋಡೆ ಸರಿಮಾಡಿಕೊಡುತ್ತೇನೆ, ಸುಣ್ಣ ಆಗಲೇ ನೆಲಮಾಳಿಗೆಯಲ್ಲಿ ನೆನೆಸಿಟ್ಟಿದ್ದೇನೆ ಅಂದೆ. ಅವಳು, “ನೀನಾ? ನಿನ್ನ ಕೈಗೆ ನನ್ನ ಗೋಡೆ ಇನ್ನೊಂದು ಸಲ ಕೊಡ್ತೀನಾ? ಹೋಗಿ ನಿನ್ನ ಗಂಡನ್ನ ಕರಿ” ಅಂತ ಬಾಗಿಲು ಹಾಕಿಕೊಂಡಳು.

ಹೆಪ್ಪುಗಟ್ಟುವ ಚಳಿ ಶುರುವಾದರೆ ಗಾರೆ ಹಿಡಿಯುವುದಿಲ್ಲ, ಹೆಚ್ಚೆಂದರೆ ನಾಲ್ಕು ವಾರ ಇದೆ. ಗೋಡೆ ಮುಗಿದ ಮೇಲೂ ನಿನಗೆ ಸಹಿ ಬೇಕು ಅನಿಸಿದರೆ ಆ ಕಾಗದಗಳನ್ನು ಚೀಲದಲ್ಲಿ ಇಟ್ಟುಕೊಂಡು ಬಾ, ಅಟ್ಟಣಿಗೆ ಮೇಲೆ ನಿಂತೇ ಹಾಕಿಕೊಡುತ್ತೇನೆ. ಗಾರೆ ನೀನೇ ಕಲಸು. ನಾನು ಕೆಳಗಿನಿಂದ ಬಕೆಟ್ ಎತ್ತಿಕೊಡುತ್ತೇನೆ.